ಪೂರ್ವಾಶ್ರಯವೂ ಸೆರೆಯಿಂದ ಮರಳಿದವನೂ

ಗುರುಹಸ್ತದಿಂದ ಇಷ್ಟಲಿಂಗವನ್ನು ಪಡೆದವನಿಗೆ ದೀಕ್ಷೆಯು ಎರಡನೆಯ ಜನ್ಮ. ಆದುದರಿಂದಲೇ ಅವನ ಪೂರ್ವಾಶ್ರಯವನ್ನು ಅರಸಬಾರದೆಂದು ಶರಣರು ಕಟ್ಟಳೆ ಮಾಡಿದರು. ಲೋಕದ ಜನರು ಈ ಕಟ್ಟಳೆಯನ್ನು ಕುಲದ ವಿಷಯಕ್ಕೆ ಮಾತ್ರ ಅನ್ವಯಿಸುವುದುಂಟು. ಹಿಂದೆ ಯಾವ ಕುಲದವನೆಂದು ಕೇಳಬಾರದು, ನಿಜ. ಹಿಂದೆ ಏನು ಮಾಡಿದನೆಂದು ಕೇಳಬಹುದೆ?

ಉರಿಲಿಂಗಪೆದ್ದಿಗಳ ಚರಿತ್ರೆಯಲ್ಲಿ ಈ ಎರಡು ಪ್ರಶ್ನೆಗಳೂ ಒಟ್ಟಿಗೆ ಎದುರಾಗುತ್ತವೆ. ಅಸ್ಪೃಶ್ಯವೆನಿಸಿದ ಕುಲದಲ್ಲಿ ಹುಟ್ಟಿದ ಪೆದ್ದಣ್ಣನು ಕಳವಿನಿಂದ ಜೀವಿಸುತ್ತಿದ್ದನು. ಒಂದಿರುಳು ಕದಿಯಲು ಹೊಕ್ಕ ಮನೆಯಲ್ಲಿ ಉರಿಲಿಂಗದೇವರು ದೀಕ್ಷೆ ನೀಡುತ್ತಿದ್ದುದನ್ನು ಮರೆಯಲ್ಲಿ ನಿಂತು ಕಂಡು ಅವನ ಮನಸ್ಸು ತಿರುಗಿತೆಂದು ಪರಂಪರೆಯು ಹೇಳುತ್ತದೆ. ಗುರುಗಳು ಕೂಡಲೇ ಲಿಂಗವನ್ನು ಕೊಡಲಿಲ್ಲ. ಪೆದ್ದಣ್ಣನು ಕಾಡಿನಿಂದ ಸೌದೆಯ ಹೊರೆಯನ್ನು ಹೊತ್ತುತಂದು ಮಠಕ್ಕೆ ಹಾಕುತ್ತ ಕಾದನು. ಬೇಡಿ ಬೇಡಿ ಬೇಸರಪಡಿಸಿದಾಗ ಗುರುವು ಎಸೆದ ಕಲ್ಲನ್ನೇ ಲಿಂಗವೆಂದು ಎತ್ತಿಕೊಂಡನಂತೆ. ಮುಂದೆ ಆತನೇ ಮಹಾಪಂಡಿತನಾದನು. ಶ್ರುತಿವಾಕ್ಯಗಳನ್ನು ಪ್ರಮಾಣವಾಗಿಟ್ಟು ರಚಿಸಿದ ಆತನ ವಚನಗಳು ಮುನ್ನೂರಕ್ಕೂ ಮಿಕ್ಕು ದೊರೆತಿವೆ. ಪತ್ನಿ ಕಾಳವ್ವೆಯೂ ವಚನಕಾರ್ತಿ. ಗುರುವಿನ ತರುವಾಯ ಮಠದ ಪೀಠವೂ ಆತನಿಗೇ ಬಂದಿತು.

ಕ್ಷಮಿಸುವುದು ಒಂದು, ಅಧಿಕಾರವನ್ನು ಒಪ್ಪಿಸುವುದು ಇನ್ನೊಂದು. ಕಳ್ಳನನ್ನು ಕ್ಷಮಿಸಿದ ಗೃಹಸ್ಥರು ಊರೂರಿಗೆ ಸಿಕ್ಕಾರು. ಪೀಠದ ಮೇಲೆ ಕೂರಿಸಿ ಪಾದಕ್ಕೆರಗುವವರು ಎಷ್ಟು ಮಂದಿ?

ಇಲ್ಲಿ ಹೆಸರನ್ನೂ ಗಮನಿಸಬೇಕು. ಪೆದ್ದಣ್ಣನೆಂಬ ಹಳೆಯ ಹೆಸರು ಅಳಿಯಲಿಲ್ಲ. ಗುರುವಿನ ಹೆಸರು ಬಂದು ಅದರ ಮುಂದೆ ನಿಂತಿತು. ಕನ್ನದ ಮಾರಿತಂದೆಯೆಂಬ ಶರಣನ ಹೆಸರಿನಲ್ಲಿ ಗೋಡೆಗೆ ಕನ್ನ ಕೊರೆಯುವ ಹಳೆಯ ವೃತ್ತಿಯೇ ಉಳಿದಿದೆ. ಅನ್ಯರು ಅರಸಬಾರದೆಂದರೆ ತಾನು ಮುಚ್ಚಿಡಬೇಕೆಂದು ಅರ್ಥವಲ್ಲ. ಕತ್ತಲ ದಾರಿಯನ್ನು ನಡೆದು ಬಲ್ಲವನ ಮಾತು ಅದೇ ದಾರಿಯಲ್ಲಿರುವವನ ಕಿವಿಗೆ ಬೇಗ ನಾಟುತ್ತದೆ. ಅಮೆರಿಕದ ಸಾನ್ ಫ್ರಾನ್ಸಿಸ್ಕೊ ನಗರದಲ್ಲಿ 1971ರಲ್ಲಿ ಸ್ಥಾಪಿತವಾದ ಡೆಲಾನ್ಸಿ ಸ್ಟ್ರೀಟ್ ಸಂಸ್ಥೆಯು ಈ ನಂಬಿಕೆಯ ಮೇಲೆಯೇ ನಿಂತಿದೆ. ಅದನ್ನು ಆರಂಭಿಸಿದ ಜಾನ್ ಮಾಹರ್ ಸ್ವತಃ ಸೆರೆವಾಸ ಕಂಡವನು. ಅಲ್ಲಿ ಮೊದಲು ಬಂದವರು ಹೊಸಬರಿಗೆ ಕಲಿಸುತ್ತಾರೆ. ಭೋಜನಶಾಲೆ, ಸಾಮಾನು ಸಾಗಿಸುವ ಕೆಲಸ ಮುಂತಾದವುಗಳಿಂದ ಅನ್ನ ಸಂಪಾದಿಸುತ್ತಾರೆ. ಕಾಯಕವೆಂಬ ಶಬ್ದವನ್ನು ಅವರು ಕೇಳಿರಲಿಕ್ಕಿಲ್ಲ.

ಮೈಸೂರಿನಲ್ಲಿ ಉರಿಲಿಂಗಪೆದ್ದಿಗಳ ಹೆಸರಿನ ಮಠವಿದೆ. ಅದೇ ಊರಿನ ಕೇಂದ್ರ ಕಾರಾಗೃಹದಲ್ಲಿ ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿಯವರು ಬಂದಿಗಳಿಂದ ನಾಟಕಗಳನ್ನು ಆಡಿಸಿದರು. ಪಹರೆಯೊಡನೆ ಹೊರಗಿನ ರಂಗಮಂದಿರಗಳಲ್ಲಿಯೂ ಪ್ರಯೋಗಗಳಾದವು. ಎಚ್. ಎಸ್. ಶಿವಪ್ರಕಾಶರು ಮ್ಯಾಕ್‌ಬೆತ್ ಕಥೆಯನ್ನು ಕನ್ನಡನೆಲಕ್ಕೆ ತಂದು ಬರೆದ ಮಾರನಾಯಕನ ನಾಟಕವೂ ಅವುಗಳಲ್ಲೊಂದು. ಕೊಲೆಯ ಕಳಂಕ ಕೈಬಿಡದ ಆ ಕಥೆಯನ್ನು ಬಂದಿಗಳೇ ಅಭಿನಯಿಸಿದರೆಂಬುದು ಚಿಂತಿಸತಕ್ಕ ವಿಷಯ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಹಳ್ಳಿಗಳಲ್ಲಿ ಜೀವಾವಧಿಯೆಂದರೆ ಹದಿನಾಲ್ಕು ವರ್ಷವೆಂದು ಹೇಳುವುದುಂಟು. ಅದು ತಪ್ಪು. ಮರಣದಂಡನೆಗೂ ಅವಕಾಶವಿರುವ ಅಪರಾಧಗಳಲ್ಲಿ 14 ವರ್ಷಕ್ಕೆ ಮೊದಲು ಬಿಡುಗಡೆ ಕೂಡದೆಂದು 1978ರ ತಿದ್ದುಪಡಿ ವಿಧಿಸಿತು, ಆಮೇಲೆ ಬಿಡಲೇಬೇಕೆಂದಿಲ್ಲ. ಅಂಥವನು ಬದುವಿನ ಜಗಳದಲ್ಲಿ ಕೈಮೀರಿ ಹೋದವನಾಗಿರಬಹುದು. ಬಸ್ಸಿನಿಂದಿಳಿದಾಗ ತಾಯಿ ತೀರಿರುತ್ತಾಳೆ, ಹೊಲ ದಾಯಾದಿಗಳ ಕೈಸೇರಿರುತ್ತದೆ.

ಊರಿನ ಗೃಹಸ್ಥನು ಅವನಿಗೇನು ಮಾಡಬೇಕು? ಮೊದಲು ಉಪದೇಶವಲ್ಲ, ಕೂಲಿ; ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ಹೊರುವ ಕೆಲಸವಾದರೂ ಸರಿ. ಪೆದ್ದಣ್ಣನಿಗೂ ಮೊದಲು ದೊರೆತುದು ಸೌದೆಯ ಹೊರೆಯೇ. ಮಠದ ದಾಸೋಹದಲ್ಲಿ ಪಂಕ್ತಿಭೇದ ಕೂಡದು. ಆದರೆ ಅವನಿಂದ ಮಗನನ್ನು ಕಳೆದುಕೊಂಡ ಮನೆಯೂ ಅದೇ ಬೀದಿಯಲ್ಲಿರುತ್ತದೆ. ಆ ತಾಯಿಗೆ ಪೂರ್ವಾಶ್ರಯದ ಕಟ್ಟಳೆಯನ್ನು ಬೋಧಿಸಹೊರಡುವುದು ನಿರ್ದಯೆ. ಕಟ್ಟಳೆಯು ಪಂಕ್ತಿಯಲ್ಲಿ ಕುಳಿತ ಮಿಕ್ಕವರಿಗೆ. ಆಕೆಯ ಬಾಗಿಲಿಗೆ ಅವನು ಹೋಗುವುದೋ ಬಿಡುವುದೋ ಆಕೆಯ ಇಚ್ಛೆಗೆ ಸೇರಿದ್ದು. ಆಕೆ ಬರುವ ಹೊತ್ತಿನಲ್ಲಿ ಅವನು ದಾಸೋಹದ ಹಿಂಬದಿಯಲ್ಲಿ ಪಾತ್ರೆ ತೊಳೆಯುತ್ತಿರಲಿ.