ಖೊಟ್ಟಿ ಪ್ರಮಾಣಪತ್ರದ ನೌಕರಿ: ಹಸು ಮಾರಿ ಕೊಳ್ಳುವ ಸಂಕಟ



ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಕಾಲುಬಾಯಿ ಜ್ವರದ ಲಸಿಕೆ, ಖನಿಜ ಮಿಶ್ರಣ ಮುಂತಾದವುಗಳ ಬಗ್ಗೆ ಬರೆಯುತ್ತೇನೆ. ಈ ಬಾರಿಯ ವಿಷಯ ಬೇರೆ. ಆದರೆ ಇದಕ್ಕೂ ನಮ್ಮ ಕೊಟ್ಟಿಗೆಗೂ ಸಂಬಂಧವಿದೆ ಎಂಬುದು ಓದುತ್ತಾ ಹೋದಂತೆ ತಮಗೇ ತಿಳಿಯುತ್ತದೆ.

ಕಳೆದ ವರ್ಷ ಸದಸ್ಯರೊಬ್ಬರ ಮನೆಗೆ ಹಸುವಿನ ಗರ್ಭ ಪರೀಕ್ಷೆಗೆ ಹೋಗಿದ್ದೆ. ನಾಲ್ಕು ಹಸು ಇದ್ದ ಕೊಟ್ಟಿಗೆಯಲ್ಲಿ ಒಂದೇ ಒಂದು ನಿಂತಿತ್ತು. ವಿಚಾರಿಸಿದಾಗ ಆ ಯಜಮಾನರು, "ಮಗನಿಗೆ ಸರ್ಕಾರಿ ಕೆಲಸ ಆಗ್ತದೆ ಅಂದ್ರು ಸಾರ್. ಎರಡು ವಿಷಯ ಹೋಗಿದೆ, ಅದಕ್ಕೆ ಒಬ್ಬ ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಮಾಡಿಸಿಕೊಡ್ತೀನಿ ಅಂದಿದ್ದಾನೆ. ಮೂರು ಹಸು ಮಾರಿ ಮುಂಗಡ ಕೊಟ್ಟೆ. ಒಂದು ಸಲ ಕೆಲಸಕ್ಕೆ ಸೇರಿಕೊಂಡ್ರೆ ಆಮೇಲೆ ಯಾರು ಕೇಳ್ತಾರೆ?" ಎಂದರು.

ಅಂದು ನನಗೆ ಸರಿಯಾದ ಉತ್ತರ ಕೊಡಲಾಗಲಿಲ್ಲ. ನಂತರ ವಕೀಲ ಮಿತ್ರರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಅವರಿಗೆ ಹೇಳಿದೆ. ಅದನ್ನೇ ಇಲ್ಲಿ ತಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ಖೊಟ್ಟಿ ಎಂದರೆ ಯಾವುದು?

ಮಂಡಳಿ ಕೊಡದ ಅಂಕಪಟ್ಟಿಯನ್ನು ಅಚ್ಚು ಹಾಕಿಸುವುದು ಮಾತ್ರ ಖೊಟ್ಟಿಯಲ್ಲ. ನಿಜವಾದ ಅಂಕಪಟ್ಟಿಯಲ್ಲಿ ಅಂಕ ಅಥವಾ ಹುಟ್ಟಿದ ದಿನಾಂಕ ತಿದ್ದುವುದು, ಬೇರೊಬ್ಬರ ಪಟ್ಟಿಗೆ ತನ್ನ ಹೆಸರು ಸೇರಿಸುವುದು, ಮುಖ್ಯೋಪಾಧ್ಯಾಯರ ಸಹಿ ಮೊಹರು ತಾನೇ ಮಾಡಿಕೊಂಡು ಗ್ರಾಮೀಣ ಅಥವಾ ಕನ್ನಡ ಮಾಧ್ಯಮದ ಪ್ರಮಾಣಪತ್ರ ತಯಾರಿಸುವುದು, ಎಲ್ಲವೂ ಖೊಟ್ಟಿಯೇ. ತಹಶೀಲ್ದಾರರಿಗೆ ಸುಳ್ಳು ಮಾಹಿತಿ ಕೊಟ್ಟು ತನ್ನದಲ್ಲದ ಜಾತಿಯ ಪ್ರಮಾಣಪತ್ರ ಪಡೆದರೆ ಸಹಿ ನಿಜವಿದ್ದರೂ ಪತ್ರ ಸುಳ್ಳೇ.

ಯಾರು ಕೇಳುತ್ತಾರೆ?

ಹಾಲಿಗೆ ನೀರು ಬೆರೆಸಿ, ಲ್ಯಾಕ್ಟೋಮೀಟರ್ ಸರಿ ತೋರಿಸಲೆಂದು ಸಕ್ಕರೆ ಹಾಕಿದರೆ ಸಂಘದ ಕಟ್ಟೆಯಲ್ಲಿ ಒಂದು ದಿನ ಪಾಸಾಗಬಹುದು. ಪ್ರಯೋಗಾಲಯದಲ್ಲಿ ಸಕ್ಕರೆಯ ಪರೀಕ್ಷೆ ಮಾಡಿದಾಗ ಸಿಕ್ಕಿಬೀಳುತ್ತದೆ. ಪ್ರಮಾಣಪತ್ರದ ಕಥೆಯೂ ಹೀಗೆಯೇ. ಅರ್ಜಿ ಕೊಡುವ ದಿನ ಕಾಗದ ನೋಡುತ್ತಾರೆ. ನಿಜವಾದ ಪರೀಕ್ಷೆ ನಂತರ ನಡೆಯುತ್ತದೆ. ಇಲಾಖೆಯವರು ಅಂಕಪಟ್ಟಿಯ ನೈಜತೆ ತಿಳಿಸುವಂತೆ ಪರೀಕ್ಷಾ ಮಂಡಳಿಗೆ ಅಥವಾ ವಿಶ್ವವಿದ್ಯಾಲಯಕ್ಕೆ ಬರೆಯುತ್ತಾರೆ. ಕಾಗದದಲ್ಲಿ ಏನೇ ಇರಲಿ, ಮಂಡಳಿಯ ದಾಖಲೆಯಲ್ಲಿ ನೋಂದಣಿ ಸಂಖ್ಯೆಯ ಮುಂದೆ ಏನಿದೆಯೋ ಅದೇ ಸತ್ಯ.

ಮೀಸಲಾತಿಯಲ್ಲಿ ಆಯ್ಕೆಯಾದವರ ಜಾತಿಯನ್ನು ಜಿಲ್ಲಾ ಜಾತಿ ಪರಿಶೀಲನಾ ಸಮಿತಿ ನೋಡಿ ಸಿಂಧುತ್ವ ಪ್ರಮಾಣಪತ್ರ ಕೊಡಬೇಕು. ಸುಳ್ಳು ಜಾತಿ ಪ್ರಮಾಣಪತ್ರದ ದೂರುಗಳನ್ನು ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ತನಿಖೆ ಮಾಡುತ್ತದೆ. ಬಡ್ತಿಯ ಸಮಯದಲ್ಲಿ, ದಾಯಾದಿಗಳ ಒಂದು ಅರ್ಜಿಯಿಂದ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾರೋ ಕೇಳಿದ ಪ್ರಶ್ನೆಯಿಂದ, ಹತ್ತು ಹದಿನೈದು ವರ್ಷದ ನಂತರವೂ ವಿಷಯ ಹೊರಬರಬಹುದು.

ಜೈಲು ಶಿಕ್ಷೆ ಎಷ್ಟು?

1-7-2024ರಿಂದ ಭಾರತೀಯ ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರಂತೆ:

1. ವಂಚಿಸುವ ಉದ್ದೇಶದಿಂದ ಖೊಟ್ಟಿ ದಾಖಲೆ ಸೃಷ್ಟಿಸಿದರೆ 336(3)ನೇ ಕಲಂ ಪ್ರಕಾರ 7 ವರ್ಷದವರೆಗೆ ಜೈಲು ಮತ್ತು ದಂಡ.

2. ಖೊಟ್ಟಿ ಎಂದು ತಿಳಿದೂ ಅದನ್ನು ನಿಜವೆಂದು ಹಾಜರುಪಡಿಸಿದರೆ 340(2)ನೇ ಕಲಂ ಪ್ರಕಾರ ಸೃಷ್ಟಿಸಿದವನಿಗೆ ಇರುವ ಶಿಕ್ಷೆಯೇ. "ನಾನು ಮಾಡಿದ್ದಲ್ಲ, ಬೇರೆಯವರು ಮಾಡಿಕೊಟ್ಟದ್ದು" ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

3. ಮೋಸಕ್ಕೆ 318(4)ನೇ ಕಲಂ ಪ್ರಕಾರ 7 ವರ್ಷದವರೆಗೆ ಜೈಲು ಮತ್ತು ದಂಡ.

ಆ ದಿನಾಂಕಕ್ಕೆ ಮೊದಲು ನಡೆದ ಅಪರಾಧಗಳಿಗೆ ಹಳೆಯ ಸಂಹಿತೆಯ 420, 468, 471ನೇ ಕಲಂಗಳೇ ಅನ್ವಯಿಸುತ್ತವೆ. ಇನ್ನೊಂದು ಮಾತು ಗಮನಿಸಿ. 3 ವರ್ಷಕ್ಕಿಂತ ಹೆಚ್ಚು ಶಿಕ್ಷೆ ಇರುವ ಇಂತಹ ಅಪರಾಧಗಳಿಗೆ ಕಾಲಮಿತಿ ಇಲ್ಲ. "ಹಳೆಯದಾಯಿತು, ಇನ್ನೇನು ಆಗದು" ಎಂದು ನೆಮ್ಮದಿಯಾಗಿ ಮಲಗುವಂತಿಲ್ಲ.

ನೌಕರಿ ಮತ್ತು ಪಿಂಚಣಿ

ರೈಲ್ವೆಯಲ್ಲಿ ಹಂಗಾಮಿ ಕೂಲಿಯ ಖೊಟ್ಟಿ ಕಾರ್ಡು ತೋರಿಸಿ ಕೆಲಸಕ್ಕೆ ಸೇರಿದವರ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಮೋಸದಿಂದ ಪಡೆದ ನೌಕರಿಯಲ್ಲಿ ಎಷ್ಟು ವರ್ಷ ದುಡಿದರೂ ಅದು ಹಕ್ಕಾಗುವುದಿಲ್ಲ ಎಂದು ನ್ಯಾಯಾಲಯ 1995ರಲ್ಲಿ ಹೇಳಿತು. ಕೇರಳದ ಪೊಲೀಸ್ ಅಧಿಕಾರಿಯೊಬ್ಬರು ಸುಳ್ಳು ಜಾತಿ ಪ್ರಮಾಣಪತ್ರದ ಮೇಲೆ ಸೇರಿ ಸುಮಾರು 27 ವರ್ಷ ಸೇವೆ ಸಲ್ಲಿಸಿದ್ದರು. ವಜಾ ಮಾಡುವ ಬದಲು ಕಡ್ಡಾಯ ನಿವೃತ್ತಿ ಕೊಟ್ಟು ಪಿಂಚಣಿಯನ್ನಾದರೂ ಉಳಿಸಿ ಎಂದು ಬೇಡಿಕೊಂಡರು. 2004ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೂ ಒಪ್ಪಲಿಲ್ಲ. ನೇಮಕವೇ ಊರ್ಜಿತವಲ್ಲದಿದ್ದಾಗ ಸರ್ಕಾರಿ ನೌಕರನಿಗೆ ಸಂವಿಧಾನದ 311ನೇ ವಿಧಿ ಕೊಡುವ ರಕ್ಷಣೆಯೂ ಸಿಗದು ಎಂದಿತು. 2017ರಲ್ಲಿ ಮಹಾರಾಷ್ಟ್ರದ ಪ್ರಕರಣಗಳಲ್ಲೂ, ಜಾತಿಯ ದಾವೆ ಸುಳ್ಳೆಂದು ತೀರ್ಮಾನವಾದರೆ ಅದರಿಂದ ಪಡೆದ ನೌಕರಿ ಬಿಡಲೇಬೇಕೆಂದು ತೀರ್ಪಾಯಿತು.

ನಲವತ್ತೈದನೆಯ ವಯಸ್ಸಿನಲ್ಲಿ, ಮನೆ ಸಾಲ, ಮಕ್ಕಳ ಓದು ಎಲ್ಲ ತಲೆಯ ಮೇಲಿರುವಾಗ ಹೀಗಾದರೆ ಆ ಸಂಸಾರದ ಗತಿ ಏನು? ವಜಾ ಆದವನಿಗೆ ಮತ್ತೆ ಸರ್ಕಾರಿ ಕೆಲಸದ ಬಾಗಿಲು ಸಾಮಾನ್ಯವಾಗಿ ಮುಚ್ಚಿದಂತೆಯೇ. ಇನ್ನು ಆ ಹುದ್ದೆ ನ್ಯಾಯವಾಗಿ ಸಿಗಬೇಕಾಗಿದ್ದ ಇನ್ನೊಬ್ಬ ರೈತರ ಮಗಳೋ ಮಗನೋ ಇಷ್ಟು ವರ್ಷ ಹೊರಗೇ ನಿಂತದ್ದನ್ನು ಯಾರು ತುಂಬಿಕೊಡುತ್ತಾರೆ?

ತಂದೆ ತಾಯಿಗೂ ತಪ್ಪದು

ತಿಳಿದೂ ಹಣ ಕೊಟ್ಟು ಮಾಡಿಸಿದ ತಂದೆಯ ಮೇಲೂ ದುಷ್ಪ್ರೇರಣೆ, ಒಳಸಂಚಿನ ಆರೋಪ ಬರಬಹುದು. ಕೊಟ್ಟ ಹಣವಂತೂ ಹೋದಂತೆಯೇ. ಕಾನೂನುಬಾಹಿರ ಉದ್ದೇಶದ ಒಪ್ಪಂದಕ್ಕೆ 1872ರ ಕರಾರು ಕಾಯ್ದೆಯಲ್ಲಿ ಬೆಲೆಯಿಲ್ಲ. ದಲ್ಲಾಳಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅವನು ರಸೀದಿ ಕೊಡುವುದಿಲ್ಲ.

ತಪ್ಪು ಬೇರೆ, ಮೋಸ ಬೇರೆ

ಅಂಕಪಟ್ಟಿಯಲ್ಲಿ ತಂದೆಯ ಹೆಸರು ತಪ್ಪಾಗಿದೆ, ಇನಿಷಿಯಲ್ ಬಿಟ್ಟುಹೋಗಿದೆ ಎಂದು ಹೆದರಿ ಕೆಲವರು ದಲ್ಲಾಳಿಯ ಹತ್ತಿರ ಹೋಗುತ್ತಾರೆ. ಇದು ಅಪರಾಧವಲ್ಲ, ಬರೀ ತಪ್ಪು. ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ದಾಖಲೆ ಸಮೇತ ಮಂಡಳಿಗೆ ಅರ್ಜಿ ಕೊಡಿ. ಆದರೆ ತಾವೇ ಬ್ಲೇಡು, ಪೆನ್ನು ಹಿಡಿದು ತಿದ್ದಿದರೆ ಸಣ್ಣ ತಪ್ಪೂ ಅಪರಾಧವಾಗಿಬಿಡುತ್ತದೆ.

ನೆನಪಿನಲ್ಲಿಡಿ

* ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲೇ ಅರ್ಜಿ ಕೊಡಿ.
* "ಪರೀಕ್ಷೆ ಬರೆಯದೆ ಪಾಸು", "ಹಿಂದಿನ ವರ್ಷದ ದಿನಾಂಕಕ್ಕೆ ಪದವಿ" ಎನ್ನುವವರನ್ನು ಮನೆಯೊಳಗೆ ಬಿಡಬೇಡಿ.
* ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಕೊಟ್ಟು ಕಳಿಸಬೇಡಿ.
* ಈಗಾಗಲೇ ಸಿಕ್ಕಿಕೊಂಡಿದ್ದರೆ ಇನ್ನೊಂದು ಸುಳ್ಳು ಸೇರಿಸದೆ ವಕೀಲರನ್ನು ಕಾಣಿ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಹರಿಗೆ ಉಚಿತ ನೆರವಿದೆ. ಸಹಾಯವಾಣಿ 15100.

ಕೊನೆಯದಾಗಿ, ಆ ಯಜಮಾನರ ವಿಷಯ. ಖೊಟ್ಟಿ ಅಂಕಪಟ್ಟಿ ಬೇಡವೆಂದು ದಲ್ಲಾಳಿಗೆ ಹೇಳಿದರು. ಮುಂಗಡ ಇನ್ನೂ ವಾಪಸು ಬಂದಿಲ್ಲ, ಬರುವ ನಂಬಿಕೆಯೂ ಅವರಿಗಿಲ್ಲ. ಹುಡುಗ ಉಳಿದ ಎರಡು ವಿಷಯಕ್ಕೆ ಮತ್ತೆ ಪರೀಕ್ಷೆ ಕಟ್ಟಿದ್ದಾನೆ. ಬೆಳಿಗ್ಗೆ ಸಂಘಕ್ಕೆ ಹಾಲು ಹಾಕಿ ಬಂದು ಓದಲು ಕೂರುತ್ತಾನೆ. ಕೊಟ್ಟಿಗೆಯಲ್ಲಿ ಉಳಿದ ಹಸು ಅಂದು ಗಬ್ಬವಾಗಿತ್ತು. ಈಗ ಹೆಣ್ಣು ಕರು ಹಾಕಿದೆ. ಒಂದು ಕೊಟ್ಟಿಗೆ ತುಂಬಲು ನಾಲ್ಕೈದು ವರ್ಷ ಬೇಕು ಎಂಬುದು ತಮಗೆ ನಾನು ಹೇಳಬೇಕಾಗಿಲ್ಲ. ಅದನ್ನು ಒಂದು ಸುಳ್ಳು ಕಾಗದಕ್ಕೆ ಖಾಲಿ ಮಾಡಬೇಡಿ.