ಗಂಟೆ ಬಾರಿಸುವ ಮೊದಲೇ

ಅಡಿಕೆಯ ಕೊಳೆರೋಗದ ಮೇಲೆ ಮೂರು ಮಳೆಗಾಲ ನೀನು ಮಾಡಿದ ಕೆಲಸವನ್ನು ವಿಚಾರ ಸಂಕಿರಣದಲ್ಲಿ ಮಂಡಿಸಲು ಕರೆ ಬಂದಿದೆ ಅಂದೆಯಲ್ಲ, ಕೇಳಿ ತುಂಬ ಸಂತೋಷವಾಯಿತಮ್ಮ. ‘ಎಂಟು ನಿಮಿಷ ಮಾತು, ಎರಡು ನಿಮಿಷ ಪ್ರಶ್ನೆ. ಇಷ್ಟರಲ್ಲಿ ಏನಂತ ಹೇಳಲಿ ಸರ್?’ ಅಂತಲೂ ಕೇಳಿದೆ. ಕೇಳಬೇಕಾದ ಪ್ರಶ್ನೆಯೇ ಅದು. ನನ್ನ ಮೊದಲ ಮಂಡನೆಗೆ ಹೋಗುವಾಗ ನಾನು ಅದನ್ನು ಯಾರನ್ನೂ ಕೇಳಲಿಲ್ಲ.

ಆಗ ಓಎಚ್‌ಪಿ ಕಾಲ. ರಾತ್ರಿಯೆಲ್ಲ ಕೂತು ಪಾರದರ್ಶಕ ಹಾಳೆಗಳ ಮೇಲೆ ಬರೆದು 26 ಹಾಳೆ ಒಯ್ದಿದ್ದೆ. ಅಡಿಕೆಯ ಇತಿಹಾಸ, ರಾಜ್ಯದ ಬೆಳೆ ವಿಸ್ತೀರ್ಣ, ಶಿಲೀಂಧ್ರದ ಜೀವನಚಕ್ರ, ಹಿಂದಿನವರು ಏನೇನು ಬರೆದರು, ಅಷ್ಟಾಗುವಾಗಲೇ ಮೊದಲ ಗಂಟೆ ಬಾರಿಸಿತು. ಪ್ರಯೋಗದ ವಿಧಾನ ಹೇಳಿ ಮುಗಿಸುವಷ್ಟರಲ್ಲಿ ಎರಡನೆಯದು. ಫಲಿತಾಂಶದ ಹಾಳೆಯನ್ನು ದೀಪದ ಮೇಲೆ ಇಟ್ಟೆ, ತೆಗೆದೆ, ಅಷ್ಟೆ. ಕೊನೆಯ ಸಾಲಿನಲ್ಲಿದ್ದ ಹಿರಿಯ ಬೆಳೆಗಾರರೊಬ್ಬರು ಎದ್ದು ನಿಂತು, ‘ಮಳೆ ಹೊಳವೇ ಕೊಡದ ವರ್ಷ ಎರಡನೇ ಮದ್ದು ಯಾವಾಗ ಹೊಡೆಯಬೇಕು?’ ಅಂದರು. ಉತ್ತರ ನನ್ನ ಕೈಯಲ್ಲಿದ್ದ ಆ ಹಾಳೆಯಲ್ಲೇ ಇತ್ತು. ಅಷ್ಟರಲ್ಲಿ ಅಧ್ಯಕ್ಷರು ಮುಂದಿನವರ ಹೆಸರು ಕರೆದರು. ಊಟದ ಹೊತ್ತಿಗೆ ಅವರನ್ನು ಹುಡುಕಿದೆ. ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋಗಿದ್ದರು. ಆ ನೋವು ಇವತ್ತಿಗೂ ಹೋಗಿಲ್ಲ.

ಅದಕ್ಕೇ, ಫಲಿತಾಂಶದಿಂದಲೇ ಮಾತು ಶುರುಮಾಡು. ಸಭೆಯಲ್ಲಿ ಕೂತವರಿಗೆ ಕೊಳೆ ಅಂದರೇನು ಅಂತ ಗೊತ್ತು. ಮಳೆ ಹಿಡಿಯುವ ಮುಂಚೆ ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ ದ್ರಾವಣ ಹೊಡೆಯಬೇಕು ಅನ್ನುವುದೂ ಗೊತ್ತು. ಎರಡನೇ ಮದ್ದು ತಡವಾದ ತೋಟದಲ್ಲಿ ಏನಾಯಿತು ಅನ್ನುವುದನ್ನು ಕೊನೆ ಕೊನೆ ಎಣಿಸಿ ನೋಡಿದವಳು ನೀನು. ಅದೊಂದು ಮಾತು ಅವರ ಜೊತೆ ಊರಿಗೆ ಹೋಗಬೇಕು. ಹಿಂದಿನವರನ್ನು ನೆನೆಯಬೇಡ ಅಂತಲ್ಲ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು, 1910ರಲ್ಲೇ ಈ ರೋಗದ ಬಗ್ಗೆ ಬರೆದು ಪ್ರಕಟಿಸಿದರು. ಕೊಟ್ಟೆ ಕಟ್ಟಿ ಮಳೆಯಿಂದ ಕೊನೆ ಕಾಪಾಡಿಕೊಳ್ಳುತ್ತಿದ್ದ ಮಲೆನಾಡಿನವರಿಗೆ ಬೋರ್ಡೋ ದ್ರಾವಣದ ದಾರಿ ತೋರಿಸಿದವರು ಅವರು. ಇದಕ್ಕೆ ಒಂದೇ ವಾಕ್ಯ ಸಾಕು. ಆ ವಾಕ್ಯವನ್ನು ಮಾತ್ರ ಗೌರವದಿಂದ ಹೇಳು.

ಮಂಡನೆ ಇಂಗ್ಲಿಷಿನಲ್ಲಿ ಇರುತ್ತದೆ, ಇರಲಿ. ಆದರೆ ಕೊಳೆ, ಕೊಟ್ಟೆ, ಕೊನೆಗೌಡ ಎಂಬ ಮಾತುಗಳನ್ನು ಸಂಕೋಚಪಟ್ಟು ನುಂಗಬೇಡ. ಕಾಫಿಗೆ ಬರುವ ಕೊಳೆಗೆ ಕಾರಣವಾದ ಶಿಲೀಂಧ್ರಕ್ಕೆ 1876ರಲ್ಲಿ ಎಂ.ಸಿ. ಕುಕ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಇಟ್ಟ ಹೆಸರು ಪೆಲಿಕ್ಯುಲೇರಿಯಾ ಕೊಳೆರೋಗ. ನಮ್ಮ ಮಾತನ್ನು ಅವರು ಲ್ಯಾಟಿನ್ ಹೆಸರಿನ ಒಳಗೇ ಕೂರಿಸಿದರು. ಇಂಥ ಮಾತು ಬಂದಾಗ ನಿನ್ನ ದನಿ ತಗ್ಗಬಾರದು.

ಸ್ಲೈಡು ಎಂಟಕ್ಕಿಂತ ಹೆಚ್ಚು ಬೇಡ. ಪ್ರಬಂಧದಲ್ಲಿರುವ ಕೋಷ್ಟಕವನ್ನು ಹಾಗೇ ಎತ್ತಿ ಹಾಕಬೇಡ, ಅದರಲ್ಲಿ ಬೇಕಾದ ನಾಲ್ಕು ಅಂಕಿ ಮಾತ್ರ ದೊಡ್ಡದಾಗಿ ಬರೆ. ಲ್ಯಾಪ್‌ಟಾಪನ್ನು ಜಗಲಿಯ ಈ ತುದಿಗೆ ಇಟ್ಟು ಆ ತುದಿಯಿಂದ ಓದಿ ನೋಡು. ಗ್ರಾಫಿನಲ್ಲಿ ಕೆಂಪು ಗೆರೆಯ ಪಕ್ಕ ಹಸಿರು ಗೆರೆ ಎಳೆಯಬೇಡ, ಆ ಎರಡು ಬಣ್ಣ ಬೇರೆಯಾಗಿ ಕಾಣದವರು ಇರುತ್ತಾರೆ. ರೈತರ ಮಾತನ್ನು ಕನ್ನಡದಲ್ಲೇ ಹಾಕುತ್ತೇನೆ ಅಂದೆಯಲ್ಲ, ಒಳ್ಳೆಯದು. ಆದರೆ ನುಡಿ ತಂತ್ರಾಂಶದ ಹಳೇ ಅಕ್ಷರದಲ್ಲಿ ಟೈಪ್ ಮಾಡಿದ್ದು ಅವರ ಕಂಪ್ಯೂಟರಿನಲ್ಲಿ ತೆರೆದರೆ ಚಿತ್ರವಿಚಿತ್ರ ಚಿಹ್ನೆಗಳಾಗಿ ಕಾಣುತ್ತದೆ. ಯುನಿಕೋಡಿಗೆ ಬದಲಿಸು, ಪಿಡಿಎಫ್ ಕೂಡ ಮಾಡಿಟ್ಟುಕೋ, ಪೆನ್‌ಡ್ರೈವಿನಲ್ಲೊಂದು, ಇ-ಮೇಲಿನಲ್ಲೊಂದು ಪ್ರತಿ ಇರಲಿ.

ಮನಸ್ಸಿನಲ್ಲೇ ಓದಿಕೊಂಡರೆ ಅಭ್ಯಾಸ ಆಗುವುದಿಲ್ಲ. ಬಾಯಿಬಿಟ್ಟು, ಗಡಿಯಾರ ಇಟ್ಟುಕೊಂಡು, ನಿಂತು ಹೇಳು. ನಿಮ್ಮ ತೋಟದಲ್ಲಿ ಮದ್ದು ಹೊಡೆಯಲು ಮರ ಹತ್ತುವ ಕೊನೆಗೌಡರಿದ್ದಾರಲ್ಲ, ಅವರನ್ನು ಕೂರಿಸಿಕೊಂಡು ಒಮ್ಮೆ ಕನ್ನಡದಲ್ಲಿ ಹೇಳಿ ನೋಡು. ಅವರು ಎಲ್ಲಿ ಮುಖ ಬೇರೆ ಕಡೆ ತಿರುಗಿಸುತ್ತಾರೋ ಅಲ್ಲಿ ನಿನ್ನ ಮಾತು ಜಾಳಾಗಿದೆ ಎಂದು ಲೆಕ್ಕ.

ಇನ್ನು ಆ ಎರಡು ನಿಮಿಷದ ಪ್ರಶ್ನೆ. ಎಲ್ಲರೂ ಹೆದರುವುದು ಅದಕ್ಕೇ. ನಾನೂ ಹೆದರಿ ಒಂದು ತಪ್ಪು ಮಾಡಿದ್ದೇನೆ, ಅದನ್ನು ನಿನಗೆ ಹೇಳಲೇಬೇಕು. ಎರಡನೇ ಸಲ ಮಂಡಿಸಿದಾಗ ಒಂದು ತೋಟದ ಫಲಿತಾಂಶ ಮಾತ್ರ ಕೆಟ್ಟಿತ್ತು. ಯಾಕೆ ಅಂತ ಒಬ್ಬರು ಕೇಳಿದರು. ‘ಮಳೆ ಜೋರಿತ್ತು, ಮದ್ದು ತೊಳೆದುಹೋಯಿತು’ ಅಂದುಬಿಟ್ಟೆ. ಗೊತ್ತಿದ್ದು ಹೇಳಿದ್ದಲ್ಲ, ಬಾಯಿಗೆ ಬಂದದ್ದು. ಚಹಾದ ಹೊತ್ತಿಗೆ ಅವರು ಹತ್ತಿರ ಬಂದು ಮೆಲ್ಲಗೆ, ‘ಸುಣ್ಣ ಯಾವುದು? ಕತ್ತಿ ಅದ್ದಿ ನೋಡಿದ್ರಾ?’ ಅಂದರು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಅನ್ನುವ ಲೆಕ್ಕ ಸುಣ್ಣ ಚೆನ್ನಾಗಿದ್ದರೆ ಮಾತ್ರ ಸರಿ. ಉಜ್ಜಿ ಹೊಳಪಾದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಅದಕ್ಕೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಆ ತೋಟದಲ್ಲಿ ಎಂದೋ ಅರಳಿಸಿಟ್ಟು ಸತ್ವ ಹೋದ ಸುಣ್ಣ ಬಳಸಿದ್ದರು, ಕತ್ತಿ ಅದ್ದಿ ನೋಡುವುದನ್ನು ನಾನು ಬಿಟ್ಟಿದ್ದೆ. ‘ಪರೀಕ್ಷಿಸಿಲ್ಲ’ ಅಂತ ವೇದಿಕೆಯ ಮೇಲೆ ಒಂದು ಮಾತು ಹೇಳಿದ್ದರೆ, ಅವರು ಅಲ್ಲೇ ಸುಣ್ಣದ ವಿಷಯ ಎತ್ತುತ್ತಿದ್ದರು, ಇಡೀ ಸಭೆಗೆ ಉಪಯೋಗವಾಗುತ್ತಿತ್ತು. ನನ್ನ ಮರ್ಯಾದೆ ಉಳಿಸಲು ಅವರು ಅದನ್ನು ನನ್ನೊಬ್ಬನಿಗೆ ಹೇಳಿದರು. ಅಂಥ ದೊಡ್ಡ ಮನಸ್ಸಿನವರು ನಿನಗೂ ಸಿಗಲಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನು, ಕೇಳಿದವರ ಹೆಸರು, ಫೋನ್ ನಂಬರು ಬರೆದುಕೋ, ಚಹಾಕ್ಕೆ ನೀನೇ ಅವರನ್ನು ಹುಡುಕಿಕೊಂಡು ಹೋಗು. ನನ್ನ ಮುಂದಿನ ಕೆಲಸವೆಲ್ಲ ಹುಟ್ಟಿದ್ದು ಆ ಚಹಾದ ಮೇಜಿನ ಪಕ್ಕದಲ್ಲೇ.

ನಿನ್ನ ಸರದಿ ಮುಗಿಯಿತೆಂದು ಹೊರಗೆ ಹೋಗಬೇಡ. ನಿನ್ನ ನಂತರದ ಹುಡುಗನೋ ಹುಡುಗಿಯೋ ಖಾಲಿ ಕುರ್ಚಿಗಳಿಗೆ ಮಾತಾಡುವ ಹಾಗಾಗಬಾರದು.

ಇನ್ನೊಂದು ಮಾತು. ಧನ್ಯವಾದದ ಸ್ಲೈಡನ್ನು ಕೊನೆಗೆ ಇಟ್ಟಿದ್ದೀಯ, ಗಂಟೆ ಬಾರಿಸಿದರೆ ಅದೇ ಮೊದಲು ಬಿಟ್ಟುಹೋಗುತ್ತದೆ. ನೀನು ಪ್ರಯೋಗ ಮಾಡಿದ ಎಂಟು ತೋಟದವರನ್ನು ಶುರುವಿನಲ್ಲೇ ನೆನೆ. ಹೋಲಿಕೆಗೆಂದು ಅವರು ನಿನಗೆ ಮದ್ದು ಹೊಡೆಯದ ಮರಗಳನ್ನು ಬಿಟ್ಟುಕೊಟ್ಟರು. ಆ ಮರಗಳ ಕಾಯಿ ಬುಡದಲ್ಲಿ ಉದುರಿ ಕೊಳೆತದ್ದನ್ನು ನೀನು ಎಣಿಸಿದೆ, ನಷ್ಟ ಹೊತ್ತವರು ಅವರು. ಸಂಕಿರಣ ಮುಗಿಸಿ ಬಂದ ವಾರದಲ್ಲೇ ಆ ಎಂಟೂ ಮನೆಗೆ ಹೋಗು. ಅದೇ ಎಂಟು ಸ್ಲೈಡು ಅವರ ಜಗಲಿಯ ಮೇಲೆ ತೋರಿಸು. ಅಲ್ಲಿ ಗಂಟೆ ಬಾರಿಸುವವರು ಯಾರೂ ಇರುವುದಿಲ್ಲ, ನಿಧಾನವಾಗಿ ಹೇಳು.