ಕಾಶೀರಾಜ ಚೇತಸಿಂಹನು

ಕಾಶಿಯೆಂದೊಡನೆ ನಮ್ಮ ನಾಡಿನವರ ಮನಸ್ಸಿನಲ್ಲಿ ಮೂಡುವುದು ವಿಶ್ವನಾಥನ ಗುಡಿ, ಗಂಗಾಸ್ನಾನ, ಪಿತೃಕಾರ್ಯ. ಈ ಊರನ್ನು ಆಳಿದ ದೊರೆಗಳಿದ್ದರು, ಇಲ್ಲಿಯೂ ರಣಕಹಳೆ ಮೊಳಗಿತ್ತು ಎಂಬುದನ್ನು ಬಲ್ಲವರು ವಿರಳ. ಆದರೆ ವಿದ್ಯಾರ್ಥಿಗಳೇ, ಸೋನಾರ್‌ಪುರದಲ್ಲಿ ಬೆಳೆಯುತ್ತಿರುವ ನಿಮಗೆ ಆ ಅಜ್ಞಾನವು ಶೋಭಿಸದು. ಕರ್ನಾಟಕ ಘಾಟಿನಿಂದ ನದಿಯ ದಂಡೆಯನ್ನು ಹಿಡಿದು ದಕ್ಷಿಣದ ಕಡೆಗೆ ನಡೆಯಿರಿ. ಹನುಮಾನ್ ಘಾಟ್, ದಂಡಿ ಘಾಟ್, ಶಿವಾಲಾ ಘಾಟ್‌ಗಳನ್ನು ದಾಟಿದ ಮೇಲೆ ನೀರಿನ ಅಂಚಿನಿಂದ ನೆಟ್ಟಗೆ ಮೇಲೆದ್ದಿರುವ ಕಲ್ಲಿನ ಕೋಟೆಯೊಂದು ಕಾಣುವುದು. ಅದೇ ಚೇತಸಿಂಹ ಘಾಟ್. ಅದರ ಗೋಡೆಯ ಮೇಲ್ಭಾಗದಲ್ಲಿರುವ ಕಿಟಕಿಗಳನ್ನು ಒಮ್ಮೆ ದೃಷ್ಟಿಸಿ ನೋಡಿ. ಈ ಪಾಠದ ಕಥೆಯಲ್ಲಿ ಅಂಥದೊಂದು ಕಿಟಕಿಗೆ ದೊಡ್ಡ ಪಾತ್ರವುಂಟು.

ಜಗತ್ತಿನ ಚರಿತ್ರೆಯಲ್ಲಿ ಮೆಕ್ಸಿಕೋ ದೇಶದ ಆಜ್ಟೆಕ್ ದೊರೆ ಮೋಕ್ತೆಸೂಮನ ಹೆಸರು ಪ್ರಸಿದ್ಧವಾಗಿದೆ. ೧೫೦೨ರಲ್ಲಿ ಪಟ್ಟಕ್ಕೆ ಬಂದ ಆತನು, ೧೫೧೯ರ ನವೆಂಬರ್ ೮ರಂದು ಸ್ಪೇನಿನ ಕೊರ್ತೇಸನನ್ನು ತನ್ನ ರಾಜಧಾನಿಯಾದ ತೆನೋಚ್ತಿತ್ಲಾನಿನೊಳಕ್ಕೆ ಅತಿಥಿಯಾಗಿ ಬರಮಾಡಿಕೊಂಡನು. ಕೆಲವೇ ದಿನಗಳಲ್ಲಿ ಆ ಅತಿಥಿಯು ದೊರೆಯನ್ನು ಅವನ ಊರಿನಲ್ಲಿಯೇ ಸೆರೆಯಲ್ಲಿಟ್ಟನು. ಇದಾದ ಸುಮಾರು ೨೬೨ ವರ್ಷಗಳ ತರುವಾಯ, ಅದೇ ಬಗೆಯ ಘಟನೆಯು ನಮ್ಮ ಮನೆಗಳಿಂದ ಕೂಗಳತೆಯ ದೂರದಲ್ಲಿ ನಡೆಯಿತು. ಅಲ್ಲಿ ಸೆರೆಯಾದವನೇ ಕಾಶೀರಾಜ ಚೇತಸಿಂಹನು.

ಪಟ್ಟಾಭಿಷೇಕ

ಚೇತಸಿಂಹನ ತಂದೆ ಬಲವಂತಸಿಂಹನು ಚತುರನಾದ ದೊರೆ. ಅವಧದ ನವಾಬನಿಗೆ ಕಪ್ಪವನ್ನು ಕೊಡುತ್ತ, ಆದರೆ ಅವನ ಕೈಗೆ ಪೂರ್ಣವಾಗಿ ಸಿಕ್ಕದೆ, ಗಂಗೆಯ ಆಚೆಯ ದಡದ ರಾಮನಗರದಲ್ಲಿ ಕೋಟೆಯನ್ನು ಕಟ್ಟಿಸಿಕೊಂಡು ಬಾಳಿದನು. ಶಿವಾಲಾದ ಕೋಟೆಯೂ ಅವನ ಕಾಲದ್ದೇ. ೧೭೭೦ರಲ್ಲಿ ಅವನು ತೀರಿಕೊಂಡಾಗ ಉತ್ತರಾಧಿಕಾರದ ವಿವಾದವುಂಟಾಯಿತು. ಚೇತಸಿಂಹನ ತಾಯಿ ಪನ್ನಾ ದೊರೆಯ ಕುಲಕ್ಕೆ ಸೇರಿದವಳಲ್ಲವೆಂಬ ಕಾರಣದಿಂದ, ಮಗಳ ಮಗನಾದ ಮಹೀಪನಾರಾಯಣನಿಗೇ ಪಟ್ಟವು ಸಲ್ಲಬೇಕೆಂದು ಕೆಲವರು ವಾದಿಸಿದರು. ಕೊನೆಗೆ ಈಸ್ಟ್ ಇಂಡಿಯಾ ಕಂಪೆನಿಯ ಬೆಂಬಲದಿಂದ ಚೇತಸಿಂಹನೇ ದೊರೆಯಾದನು. ಹೀಗೆ ಅವನನ್ನು ಎತ್ತಿ ನಿಲ್ಲಿಸಿದ ಕೈಯೇ ಮುಂದೆ ಅವನನ್ನು ಕೆಡವಿತು.

೧೭೭೫ರಲ್ಲಿ ನವಾಬ ಶುಜಾ‌ಉದ್ದೌಲನು ಮರಣಹೊಂದಿದನು. ಹೊಸ ನವಾಬನಾದ ಆಸಫ್‌ಉದ್ದೌಲನು ಅದೇ ವರ್ಷ ಮಾಡಿಕೊಂಡ ಒಪ್ಪಂದದ ಪ್ರಕಾರ ಕಾಶೀರಾಜ್ಯದ ಮೇಲಿನ ಪ್ರಭುತ್ವವನ್ನು ಕಂಪೆನಿಗೆ ಬಿಟ್ಟುಕೊಟ್ಟನು. ಅಂದಿನಿಂದ ಚೇತಸಿಂಹನು ವರ್ಷಕ್ಕೆ ಸುಮಾರು ೨೨½ ಲಕ್ಷ ರೂಪಾಯಿಗಳನ್ನು ಕಂಪೆನಿಗೆ ಸಲ್ಲಿಸತಕ್ಕದ್ದಾಯಿತು. ಈ ಹಣವು ಕ್ರಮವಾಗಿ ಸಲ್ಲುವವರೆಗೆ ಬೇರೆ ಯಾವ ಬೇಡಿಕೆಯನ್ನೂ ಒಡ್ಡುವುದಿಲ್ಲವೆಂದು ಕಲ್ಕತ್ತೆಯ ಆಡಳಿತ ಮಂಡಲಿಯು ನಿರ್ಣಯ ಮಾಡಿತು. ಟಂಕಸಾಲೆಯೂ ನ್ಯಾಯಪಾಲನೆಯೂ ದೊರೆಯ ಕೈಯಲ್ಲಿಯೇ ಉಳಿದವು. ವಿದ್ಯಾರ್ಥಿಗಳೇ, ಈ ಇಸವಿಯನ್ನು ನೆನಪಿನಲ್ಲಿಡಿ. ಮುಂದೆ ಇದರಿಂದ ಪ್ರಯೋಜನವಿದೆ.

ಬೇಡಿಕೆಯ ಮೇಲೆ ಬೇಡಿಕೆ

ಮಾತು ಕೊಟ್ಟು ಮೂರು ವರ್ಷಗಳಾಗಿದ್ದವು, ಅಷ್ಟೆ. ೧೭೭೮ರಲ್ಲಿ ಫ್ರೆಂಚರೊಡನೆ ಯುದ್ಧ ಪ್ರಾರಂಭವಾಯಿತೆಂದು ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನು ಸಿಪಾಯಿಗಳ ಮೂರು ದಳಗಳ ವೆಚ್ಚಕ್ಕಾಗಿ ೫ ಲಕ್ಷ ರೂಪಾಯಿಗಳನ್ನು ಕೇಳಿದನು. ದೊರೆ ಗೊಣಗುತ್ತ ಕೊಟ್ಟನು. ಮರುವರ್ಷವೂ ಅಷ್ಟೇ ಹಣವನ್ನು ಕೇಳಲಾಯಿತು. ತಡಮಾಡಿದಾಗ ಸೈನ್ಯವನ್ನು ಕಳುಹಿಸಿ ವಸೂಲು ಮಾಡಲಾಯಿತು. ೧೭೮೦ರಲ್ಲಿ ಮೂರನೆಯ ಸಲ ಹಣದ ಬೇಡಿಕೆ ಬಂದಿತು. ಅದರ ಬೆನ್ನಲ್ಲೇ ೨,೦೦೦ ಕುದುರೆ ಸವಾರರು ಬೇಕೆಂಬ ಆಜ್ಞೆಯೂ ಬಂದಿತು. ಚೌಕಾಸಿಯ ತರುವಾಯ ಆ ಸಂಖ್ಯೆಯು ೧,೦೦೦ಕ್ಕೆ ಇಳಿಯಿತು. ದೊರೆಯಾದರೋ ೫೦೦ ಸವಾರರನ್ನೂ ೫೦೦ ಕೋವಿಯ ಕಾಲಾಳುಗಳನ್ನೂ ಸಿದ್ಧಪಡಿಸಿದೆನೆಂದು ಹೇಳಿದನು.

ಈ ಒತ್ತಾಯಕ್ಕೆ ಕಾರಣವೇನು? ಅದನ್ನು ತಿಳಿಯಲು ನಾವು ಕನ್ನಡನಾಡಿನತ್ತ ತಿರುಗಬೇಕು. ೧೭೮೦ರ ಬೇಸಗೆಯ ಕೊನೆಗೆ ಮೈಸೂರಿನ ಹೈದರಾಲಿಯು ಘಟ್ಟವನ್ನಿಳಿದು ಆರ್ಕಾಟು ಪ್ರಾಂತವನ್ನು ಮುತ್ತಿದನು. ಅದೇ ವರ್ಷ ಸೆಪ್ಟೆಂಬರ್ ೧೦ರಂದು ಪೊಳ್ಳಿಲೂರಿನಲ್ಲಿ ಅವನ ಮತ್ತು ಟೀಪುವಿನ ಸೈನ್ಯವು ಕರ್ನಲ್ ಬೇಲಿಯ ದಂಡನ್ನು ಸಂಪೂರ್ಣವಾಗಿ ಸದೆಬಡಿಯಿತು. ಮದರಾಸನ್ನು ಉಳಿಸಿಕೊಳ್ಳಲು ಹೇಸ್ಟಿಂಗ್ಸನು ಸೇನಾಪತಿ ಐರ್ ಕೂಟನೊಡನೆ ಸೈನ್ಯವನ್ನೂ ಹಣವನ್ನೂ ಕಳುಹಿಸಬೇಕಾಯಿತು. ಮರಾಠರೊಡನೆಯೂ ಆಗ ಯುದ್ಧ ನಡೆಯುತ್ತಿತ್ತು. ಬೊಕ್ಕಸವು ಬರಿದಾಗಿದ್ದಿತು. ಶ್ರೀರಂಗಪಟ್ಟಣದ ಕಹಳೆಯ ಧ್ವನಿಗೆ ಕಾಶಿಯ ದೊರೆಯ ಭಂಡಾರದ ಬಾಗಿಲು ಅಲುಗಾಡಿತು. ನಮ್ಮ ನಾಡಿನ ಚರಿತ್ರೆಯೂ ಈ ಊರಿನ ಚರಿತ್ರೆಯೂ ಬೇರೆ ಬೇರೆಯೆಂದು ತಿಳಿಯುವುದು ಎಷ್ಟು ತಪ್ಪು!

ತಲೆಯ ಪಾಗು

ದೊರೆಯು ಬೇಕೆಂದೇ ತಡಮಾಡುತ್ತಿರುವನೆಂದು ಹೇಸ್ಟಿಂಗ್ಸನು ನಿಶ್ಚಯಿಸಿ, ೫೦ ಲಕ್ಷ ರೂಪಾಯಿಗಳ ದಂಡವನ್ನು ವಿಧಿಸಲು ಮನಸ್ಸು ಮಾಡಿದನು. ವರ್ಷದ ಕಪ್ಪದ ಎರಡರಷ್ಟಕ್ಕೂ ಇದು ಮಿಗಿಲು. ೧೭೮೧ರ ಜುಲೈ ತಿಂಗಳಿನಲ್ಲಿ ಅವನು ಕಲ್ಕತ್ತೆಯಿಂದ ಹೊರಟನು. ಚೇತಸಿಂಹನು ಬಕ್ಸರಿನವರೆಗೆ ದೋಣಿಗಳಲ್ಲಿ ಹೋಗಿ ಅವನನ್ನು ಎದುರುಗೊಂಡು, ತನ್ನ ತಲೆಯ ಪಾಗನ್ನು ತೆಗೆದು ಅವನ ಮಡಿಲಿನಲ್ಲಿ ಇಟ್ಟನು. ನಮ್ಮ ದೇಶದಲ್ಲಿ ಇದಕ್ಕಿಂತ ಮಿಗಿಲಾದ ಶರಣಾಗತಿಯಿಲ್ಲ. ಹೇಸ್ಟಿಂಗ್ಸನ ಮನಸ್ಸು ಕರಗಲಿಲ್ಲ.

ಆಗಸ್ಟ್ ೧೪ರಂದು ಹೇಸ್ಟಿಂಗ್ಸನು ಕಾಶಿಯನ್ನು ತಲಪಿ ಮಾಧವದಾಸನ ತೋಟದಲ್ಲಿ ಇಳಿದುಕೊಂಡನು. ಮರುದಿನ ಆರೋಪಗಳ ಪತ್ರವನ್ನು ದೊರೆಗೆ ಕಳುಹಿಸಿದನು. ದೊರೆಯು ಅಂದೇ ಉತ್ತರವನ್ನು ಬರೆದನು. ಆ ಉತ್ತರವು ಉದ್ಧಟತನದ್ದೆಂದು ಬಗೆದು, ಆಗಸ್ಟ್ ೧೬ರ ಬೆಳಗ್ಗೆ ಹೇಸ್ಟಿಂಗ್ಸನು ತನ್ನ ಅಧಿಕಾರಿ ಮಾರ್ಕಮನನ್ನು ಶಿವಾಲಾದ ಅರಮನೆಗೆ ಅಟ್ಟಿ ದೊರೆಯನ್ನು ಸೆರೆಹಿಡಿಸಿದನು. ಚೇತಸಿಂಹನು ಪ್ರತಿಭಟಿಸಲಿಲ್ಲ. ವಿನಯದ ಪತ್ರಗಳನ್ನು ಬರೆದು ಕಳುಹಿಸಿ ಸುಮ್ಮನೆ ಕುಳಿತನು. ಕಾವಲಿಗಿದ್ದವರು ಸಿಪಾಯಿಗಳ ಎರಡು ತುಕಡಿಗಳು ಮಾತ್ರ. ಅವರ ಬಳಿ ಮದ್ದುಗುಂಡುಗಳಿರಲಿಲ್ಲ! ದೊರೆಯೊಬ್ಬನನ್ನು ಹಿಡಿದರೆ ಊರನ್ನೇ ಹಿಡಿದಂತೆ ಎಂದು ಹೇಸ್ಟಿಂಗ್ಸನು ನಂಬಿದ್ದನು. ಮೆಕ್ಸಿಕೋದಲ್ಲಿ ಕೊರ್ತೇಸನ ನಂಬಿಕೆಯೂ ಇದೇ ಆಗಿದ್ದಿತು.

ಆದರೆ ಊರಿನ ಜನರು ಬೇರೆ ವಿಧವಾಗಿ ಯೋಚಿಸಿದರು. ಸುದ್ದಿ ಹರಡಿದೊಡನೆ ರಾಮನಗರದಿಂದ ಆಯುಧಪಾಣಿಗಳಾದ ಜನರು ಗುಂಪುಗುಂಪಾಗಿ ಗಂಗೆಯನ್ನು ದಾಟಿ ಬಂದು ಅರಮನೆಯನ್ನು ಸುತ್ತುವರಿದರು. ಮದ್ದುಗುಂಡುಗಳನ್ನು ಹೊತ್ತು ಬಂದ ಇನ್ನೊಂದು ತುಕಡಿಗೆ ಒಳಹೋಗಲು ದಾರಿ ಸಿಗಲಿಲ್ಲ. ಹೊಯ್‌ಕೈ ಪ್ರಾರಂಭವಾಯಿತು. ಸ್ಟಾಕರ್, ಸ್ಕಾಟ್, ಸೈಮ್ಸ್ ಎಂಬ ಮೂವರು ಲೆಫ್ಟೆನೆಂಟರೂ ಬಹುಮಂದಿ ಸಿಪಾಯಿಗಳೂ ಹತರಾದರು. ಮಡಿದ ಸಿಪಾಯಿಗಳೂ ನಮ್ಮ ದೇಶದ ಬಡವರ ಮಕ್ಕಳೇ ಎಂಬುದನ್ನು ಮರೆಯಬಾರದು. ಆ ಗದ್ದಲದ ನಡುವೆ ಚೇತಸಿಂಹನು ಪಾಗುಗಳನ್ನು ಒಂದಕ್ಕೊಂದು ಗಂಟುಹಾಕಿ, ನದಿಯ ಕಡೆಯ ಕಿಟಕಿಯಿಂದ ಇಳಿಬಿಟ್ಟು, ಅವನ್ನು ಹಿಡಿದುಕೊಂಡು ಕೆಳಗಿದ್ದ ದೋಣಿಗೆ ಇಳಿದು ಆಚೆಯ ದಡವನ್ನು ಸೇರಿದನು. ಪಾಗನ್ನು ಪರರ ಮಡಿಲಿನಲ್ಲಿಟ್ಟಾಗ ದೊರೆಯದ ರಕ್ಷಣೆಯು ಅದನ್ನೇ ಹಗ್ಗವಾಗಿಸಿದಾಗ ದೊರೆಯಿತು.

ಪತನ

ಮುಂದಿನ ಐದು ದಿನಗಳು ಹೇಸ್ಟಿಂಗ್ಸನ ಬಾಳಿನಲ್ಲಿಯೇ ಅತ್ಯಂತ ಅಪಾಯದವು. ರಾಮನಗರವನ್ನು ಮುತ್ತಲು ಆತುರಪಟ್ಟು ಹೋದ ಕ್ಯಾಪ್ಟನ್ ಮೇಯಾಫ್ರನು ಅದರ ಇಕ್ಕಟ್ಟಾದ ಬೀದಿಗಳಲ್ಲಿ ಸಿಕ್ಕಿ ಮಡಿದನು. ಆಗಸ್ಟ್ ೨೧ರ ರಾತ್ರಿ ಗವರ್ನರ್ ಜನರಲ್ಲನು ಗಾಯಗೊಂಡ ಸಿಪಾಯಿಗಳನ್ನು ಅಲ್ಲಿಯೇ ಬಿಟ್ಟು ಚುನಾರದ ಕೋಟೆಗೆ ಪಲಾಯನ ಮಾಡಿದನು. ಅವನ ಆ ಗಡಿಬಿಡಿಯನ್ನು ಅಣಕಿಸುವ ನುಡಿಯೊಂದು ಈ ಊರಿನ ಮುದುಕರ ಬಾಯಲ್ಲಿ ಉಳಿದು ಬಂದಿತು. ಮನೆಯ ನೆರೆಯವರನ್ನು ಕೇಳಿ ತಿಳಿಯಿರಿ.

ಆದರೆ ಚೇತಸಿಂಹನು ಬೆನ್ನಟ್ಟಿ ಹೋಗಲಿಲ್ಲ. ಸಂಧಿಯನ್ನು ಬೇಡುತ್ತ ಪತ್ರಗಳನ್ನು ಬರೆದನು. ಅಷ್ಟರಲ್ಲಿ ಕಂಪೆನಿಯ ಸೈನ್ಯಗಳು ಒಂದುಗೂಡಿದವು. ಸೆಪ್ಟೆಂಬರಿನಲ್ಲಿ ಮೇಜರ್ ಪೊಫಮನು ಪತೀತಾ ಕೋಟೆಯನ್ನೂ ಸುಕೃತದ ಕಣಿವೆಯನ್ನೂ ವಶಪಡಿಸಿಕೊಂಡನು. ದೊರೆಯು ದಕ್ಷಿಣದ ಬೆಟ್ಟಗಳಲ್ಲಿರುವ ವಿಜಯಗಢಕ್ಕೆ ಓಡಿ, ತಾಯಿಯನ್ನೂ ಹೆಂಡತಿಯನ್ನೂ ಅಲ್ಲಿಯೇ ಬಿಟ್ಟು ಬುಂದೇಲಖಂಡದ ಕಡೆಗೆ ಸಾಗಿದನು. ನವೆಂಬರಿನಲ್ಲಿ ವೃದ್ಧೆ ಪನ್ನಾದೇವಿಯು ಕೋಟೆಯನ್ನು ಒಪ್ಪಿಸಿದಳು. ಅಲ್ಲಿ ದೊರೆತ ಸುಮಾರು ೨೩ ಲಕ್ಷ ರೂಪಾಯಿಗಳನ್ನು ಸೈನಿಕರು ತಮ್ಮಲ್ಲಿಯೇ ಹಂಚಿಕೊಂಡರು. ಯಾವ ಬೊಕ್ಕಸವನ್ನು ತುಂಬಲು ಇಷ್ಟೆಲ್ಲ ನಡೆಯಿತೋ ಆ ಬೊಕ್ಕಸಕ್ಕೆ ಇದರಿಂದ ಒಂದು ಕಾಸೂ ಸೇರಲಿಲ್ಲ.

ಮಹೀಪನಾರಾಯಣಸಿಂಹನು ಪಟ್ಟಕ್ಕೆ ಬಂದನು. ಕಪ್ಪವು ೪೦ ಲಕ್ಷಕ್ಕೆ ಏರಿತು. ಟಂಕಸಾಲೆಯೂ ನ್ಯಾಯಾಧಿಕಾರವೂ ಅವನ ಕೈತಪ್ಪಿದವು. ಏರಿದ ಕಪ್ಪದ ಭಾರವು ಬಿದ್ದುದು ರೈತನ ಹೆಗಲಿನ ಮೇಲೆ. ೧೭೮೪ರಲ್ಲಿ ಇದೇ ದಾರಿಯಾಗಿ ಪ್ರಯಾಣ ಮಾಡಿದ ಹೇಸ್ಟಿಂಗ್ಸನು, ಬಕ್ಸರಿನಿಂದ ಕಾಶಿಯವರೆಗಿನ ಹಳ್ಳಿಗಳು ಹಾಳುಬಿದ್ದಿರುವುದನ್ನು ತಾನೇ ಕಂಡು ಬರೆದಿದ್ದಾನೆ. ಚೇತಸಿಂಹನು ಗ್ವಾಲಿಯರಿನಲ್ಲಿ ಮಹಾದಜಿ ಸಿಂಧಿಯಾನ ಆಶ್ರಯವನ್ನು ಪಡೆದು, ಮರಳಿ ಕಾಶಿಯನ್ನು ಕಾಣದೆ, ೧೮೧೦ರಲ್ಲಿ ಅಲ್ಲಿಯೇ ಕಾಲವಾದನು.

ಬಂಡಾಯವೆಂಬ ಮಾತು

೧೭೮೨ರಲ್ಲಿ ಹೇಸ್ಟಿಂಗ್ಸನು ಈ ಘಟನೆಯ ವೃತ್ತಾಂತವನ್ನು ಮುದ್ರಿಸಿ, ಇದು ಜಮೀನ್ದಾರನೊಬ್ಬನ ಬಂಡಾಯವೆಂದು ಕರೆದನು. ಮುಖ್ಯ ನ್ಯಾಯಾಧೀಶ ಇಂಪೆಯ ಮುಂದೆ ಪ್ರಮಾಣಪತ್ರಗಳನ್ನೂ ಮಾಡಿಸಿದ್ದನು. ಪಾಳೆಯಗಾರನು ಪ್ರಭುವಿಗೆ ಆಪತ್ಕಾಲದಲ್ಲಿ ನೆರವಾಗಬೇಕಲ್ಲವೇ ಎಂಬುದು ಅವನ ವಾದ. ಆ ವಾದದಲ್ಲಿ ಹುರುಳೇ ಇಲ್ಲವೆಂದು ಹೇಳಲಾಗದು; ದೊರೆಯು ಹಣವಿದ್ದೂ ತಡಮಾಡಿದನೆಂಬುದೂ ನಿಜವಿರಬಹುದು. ಆದರೆ ನೀವು ಇಸವಿ ತಾರೀಖುಗಳನ್ನು ಸಾಲಾಗಿ ಬರೆದುಕೊಳ್ಳಿ. ೧೭೭೫ರಲ್ಲಿ ಭರವಸೆ; ೧೭೭೮ರಲ್ಲಿ ಭರವಸೆಯ ಭಂಗ; ೧೭೮೧ರ ಆಗಸ್ಟ್ ೧೬ರ ಬೆಳಗ್ಗೆ ಸೆರೆ; ಕಾಳಗ ನಡೆದುದು ಅದಾದ ಮೇಲೆ. ಬಂಡಾಯದ ಕಾರಣದಿಂದ ಸೆರೆಯಾಯಿತೋ, ಸೆರೆಯ ಕಾರಣದಿಂದ ಬಂಡಾಯವಾಯಿತೋ? ಈ ಕ್ರಮವೇ ಉತ್ತರವನ್ನು ಕೊಡುವುದು.

ಇಂಗ್ಲೆಂಡಿನಲ್ಲಿಯೂ ಕೆಲವರು ಇದೇ ಪ್ರಶ್ನೆಯನ್ನು ಕೇಳಿದರು. ೧೭೮೬ರಲ್ಲಿ ಕಾಶಿಯ ವಿಷಯದ ಆರೋಪವನ್ನು ಅಲ್ಲಿಯ ಪಾರ್ಲಿಮೆಂಟಿನ ಕೆಳಮನೆಯು ಎತ್ತಿಹಿಡಿಯಿತು. ೫೦ ಲಕ್ಷದ ದಂಡವು ಅಳತೆಮೀರಿದುದೆಂದು ಪ್ರಧಾನಿ ಪಿಟ್ಟನೇ ಒಪ್ಪಿದನು. ೧೭೮೮ರಲ್ಲಿ ಬರ್ಕನ ಮುಂದಾಳುತನದಲ್ಲಿ ಮೊದಲಾದ ವಿಚಾರಣೆಯು ೧೭೯೫ರವರೆಗೆ ನಡೆದು ಹೇಸ್ಟಿಂಗ್ಸನು ನಿರ್ದೋಷಿಯೆಂದು ಬಿಡುಗಡೆಹೊಂದಿದನು.

ಮೋಕ್ತೆಸೂಮನ ಪಾಡೂ ಹೀಗೆಯೇ. ಅವನು ಕೊರ್ತೇಸನನ್ನು ದೇವರೆಂದು ನಂಬಿ ಮೋಸಹೋದನೆಂದು ಬಹುಕಾಲ ಪಾಠಗಳಲ್ಲಿ ಬರೆದರು. ಆ ಕಥೆಯು ಅವನು ಸತ್ತ ಎಷ್ಟೋ ವರ್ಷಗಳ ಮೇಲೆ ರೂಪುಗೊಂಡುದೆಂದು ಇಂದಿನ ಅನೇಕ ವಿದ್ವಾಂಸರು ಭಾವಿಸುತ್ತಾರೆ. ೧೫೨೦ರಲ್ಲಿ ಅವನು ಮಡಿದಾಗ, ಅವನ ಜನರೇ ಕಲ್ಲೆಸೆದು ಕೊಂದರೆಂದು ಸ್ಪೇನಿನವರು ಬರೆದರು. ಸ್ಪೇನಿನವರೇ ಕೊಂದರೆಂದು ಆ ನಾಡಿನವರು ಹೇಳಿದರು. ಗೆದ್ದವನ ಗ್ರಂಥವೊಂದನ್ನೇ ಓದಿದವನಿಗೆ ಅರ್ಧ ಕಥೆ ಮಾತ್ರ ತಿಳಿಯುವುದು.

ವಿದ್ಯಾರ್ಥಿಗಳೇ, ಮುಂದೆ ನೀವು ಅನೇಕ ಗ್ರಂಥಗಳನ್ನು ಓದುವಿರಿ. ಬಂಡಾಯಗಾರ, ದ್ರೋಹಿ, ಅಂಜುಬುರುಕ ಎಂಬ ಮಾತುಗಳು ಕಂಡಲ್ಲಿ ಒಂದು ಕ್ಷಣ ನಿಂತು, ಇದನ್ನು ಬರೆದವರು ಯಾರು, ಮೊದಲು ನಡೆದುದು ಯಾವುದು ಎಂದು ಕೇಳಿಕೊಳ್ಳಿ. ಶಿವಾಲಾದಲ್ಲಿ ಆ ಮೂವರು ಆಂಗ್ಲ ಅಧಿಕಾರಿಗಳ ಸಮಾಧಿಯಿದೆ. ಅದರ ಶಾಸನದಲ್ಲಿ ಅವರ ಹೆಸರುಗಳಿವೆ. ಅಂದು ಮಡಿದ ಸಿಪಾಯಿಗಳ ಹೆಸರುಗಳಾಗಲಿ, ದೋಣಿಯೇರಿ ಬಂದ ಊರವರ ಹೆಸರುಗಳಾಗಲಿ ಅಲ್ಲಿಲ್ಲ. ಮುಂದಿನ ರಜಾದಿನ ಸಂಜೆ ಚೇತಸಿಂಹ ಘಾಟಿನ ಮೆಟ್ಟಿಲುಗಳ ಮೇಲೆ ಕುಳಿತು ಆ ಕಿಟಕಿಗಳನ್ನು ನೋಡುವಾಗ ಅವರನ್ನೂ ಸ್ಮರಿಸಿರಿ.